ಗಾಜಿನ ಪರದೆಗೋಡೆ: ಚೌಕಟ್ಟು ಸರಿಸುವ ಬಗೆ

ತಿರುವನಂತಪುರದ ಟೆಕ್ನೋಪಾರ್ಕು ೧೯೯೦ರಲ್ಲಿಯೂ, ಕೊಚ್ಚಿಯ ಕಾಕ್ಕನಾಡಿನ ಇನ್ಫೋಪಾರ್ಕು ೨೦೦೪ರಲ್ಲಿಯೂ ಸ್ಥಾಪಿತವಾದುವು. ಅಲ್ಲಿ ಎದ್ದಿರುವ ಕಟ್ಟಡಗಳ ಮುಖದಲ್ಲಿ ಗಾಜೇ ಎದ್ದು ಕಾಣುತ್ತದೆ. ನಮ್ಮ ವಾಚಕರಲ್ಲಿ ಇಂಥ ಗಾಜನ್ನು ಕೂರಿಸುವವರೂ ಉಂಟು, ಕಚೇರಿಯಲ್ಲಿ ಕುಳಿತು ಅದರ ನಕ್ಷೆ ತಿದ್ದುವವರೂ ಉಂಟು. ಈ ಬರಹ ಇಬ್ಬರಿಗೂ ಸಲ್ಲತಕ್ಕದ್ದು.

ಕರ್ಟನ್ ವಾಲ್ ಎಂದರೆ ಪರದೆಗೋಡೆ. ಹೆಸರಿಗೆ ಗೋಡೆಯಾದರೂ ಅದು ಮಾಳಿಗೆಯ ಭಾರವನ್ನು ಹೊರುವುದಿಲ್ಲ. ಅಂತಸ್ತುಗಳ ಅಂಚಿಗೆ ತೂಗುಹಾಕಿದಂತಿದ್ದು, ತನ್ನ ತೂಕವನ್ನೂ ಗಾಳಿಯ ಒತ್ತಡವನ್ನೂ ಮಾತ್ರ ತಡೆದುಕೊಳ್ಳುತ್ತದೆ. ಗಾಜನ್ನು ಹಿಡಿದಿರುವ ಅಲ್ಯೂಮಿನಿಯಂ ಪಟ್ಟಿಗಳಿಗೆ ರೆವಿಟ್ ತಂತ್ರಾಂಶದಲ್ಲಿ ಮಲಿಯನ್ ಎಂದು ಹೆಸರು.

ರೆವಿಟ್ಟಿನಲ್ಲಿ ಮೊದಲು ಗ್ರಿಡ್ ಎಂಬ ಗೆರೆ, ಆ ಗೆರೆಯ ಮೇಲೆ ಮಲಿಯನ್, ಗೆರೆಗಳ ನಡುವೆ ಗಾಜು. ಆದಕಾರಣ ಚೌಕಟ್ಟನ್ನು ಸರಿಸಬೇಕಾದರೆ ಹಿಡಿಯಬೇಕಾದದ್ದು ಗೆರೆಯನ್ನು. ಮಲಿಯನ್ನನ್ನು ಎಷ್ಟು ಎಳೆದರೂ ಪ್ರಯೋಜನವಿಲ್ಲ. ಎಲ್ಲವೂ ಒಂದರ ಮೇಲೊಂದು ಬಿದ್ದಿರುವುದರಿಂದ ಗೆರೆ ಸಿಕ್ಕುವವರೆಗೆ ಟ್ಯಾಬ್ ಕೀಲಿಯನ್ನು ಒತ್ತುತ್ತಿರಬೇಕು. ಅದರ ಬಳಿ ಪಿನ್ನಿನ ಗುರುತು ಕಂಡರೆ, ಗೋಡೆಗೆ ಕೊಟ್ಟ ನಿಯಮಕ್ಕೆ ಅದು ಬದ್ಧವೆಂದು ತಿಳಿಯಬೇಕು. ಪಿನ್ ಕಿತ್ತರೆ ಗೆರೆ ಸರಿಯುತ್ತದೆ, ನಿಜ. ಆದರೆ ಮುಂದೆ ನಿಯಮ ಬದಲಾದಾಗ ಅದು ಉಳಿದವುಗಳ ಜೊತೆಗೂಡುವುದಿಲ್ಲ. ಅವಸರಕ್ಕೆ ಕಂಡಕಂಡ ಪಿನ್ ಕೀಳುವ ಅಭ್ಯಾಸ ನಮಗಂತೂ ಒಪ್ಪಿಗೆಯಿಲ್ಲ.

ನಿಯಮವನ್ನೇ ತಿದ್ದುವುದು ಮೇಲು. ೧೨.೫ ಮೀಟರ್ ಉದ್ದದ ಗೋಡೆಗೆ ೧.೫ ಮೀಟರ್ ಅಂತರ ಕೊಟ್ಟೆವೆನ್ನೋಣ. 'ಫಿಕ್ಸೆಡ್ ಡಿಸ್ಟನ್ಸ್' ಎಂದರೆ ಎಂಟು ಪೂರ್ಣ ಅಂಕಣಗಳಾಗಿ ಅರ್ಧ ಮೀಟರ್ ಉಳಿಯುತ್ತದೆ. 'ಜಸ್ಟಿಫಿಕೇಶನ್' ಎಂಬಲ್ಲಿ 'ಸೆಂಟರ್' ಆರಿಸಿದರೆ ಆ ಉಳಿಕೆ ಎರಡು ತುದಿಗೂ ಕಾಲು ಕಾಲು ಮೀಟರಿನಂತೆ ಹಂಚಿಹೋಗುತ್ತದೆ. 'ಮ್ಯಾಕ್ಸಿಮಂ ಸ್ಪೇಸಿಂಗ್' ಎಂದರೋ ಒಂಬತ್ತು ಸಮ ಅಂಕಣಗಳು. ಒಂದೊಂದೂ ಸುಮಾರು ೧೩೮೯ ಮಿಲಿಮೀಟರ್.

ಅಂಕಣ ಸಮವಾದರೂ ಕಾಣುವ ಗಾಜು ಸಮವಾಗದು. ನಡುವಿನ ಮಲಿಯನ್ ಗೆರೆಯ ಎರಡು ಬದಿಗೂ ಅರ್ಧರ್ಧ ಚಾಚಿದರೆ, ತುದಿಯ ಮಲಿಯನ್ ಪೂರ್ತಿಯಾಗಿ ಒಳಗೇ ಕೂರುತ್ತದೆ. ಪಟ್ಟಿಯ ಅಗಲ ೫೦ ಮಿಲಿಮೀಟರ್ ಆಗಿದ್ದರೆ ತುದಿಯ ಗಾಜು ೨೫ ಮಿಲಿಮೀಟರಿನಷ್ಟು ಕಿರಿದು. ಎಲ್ಲವೂ ಒಂದೇ ಅಳತೆಯಾಗಬೇಕೆಂದರೆ ಹತ್ತು ಪಟ್ಟಿಗಳ ೫೦೦ ಮಿಲಿಮೀಟರನ್ನು ಕಳೆದು, ಉಳಿದ ೧೨,೦೦೦ವನ್ನು ಒಂಬತ್ತರಿಂದ ಭಾಗಿಸಿ, ಗೆರೆಗಳನ್ನು ಕೈಯಿಂದಲೇ ಇಡಬೇಕು. ಪಿನ್ ಕೀಳುವುದಕ್ಕೆ ಇಲ್ಲಿ ಮಾತ್ರ ಕಾರಣವುಂಟು.

ಒಂದಂಗುಲಕ್ಕೆ ಇಷ್ಟು ಮಾತೇಕೆಂದು ಕೇಳಬಹುದು. ಮರದ ಕಿಟಕಿಯಾದರೆ ಸ್ಥಳದಲ್ಲೇ ಕೀಸಿ ಹೊಂದಿಸಬಹುದು. ಟಫನ್ಡ್ ಗಾಜನ್ನು ಒಮ್ಮೆ ಕುಲುಮೆಯಲ್ಲಿ ಕಾಯಿಸಿ ತಣಿಸಿದ ಮೇಲೆ ಕತ್ತರಿಸಲಾಗದು; ಕತ್ತರಿಸಹೋದರೆ ಚೂರುಚೂರಾಗುತ್ತದೆ. ತಪ್ಪು ಅಂಕೆಯೊಂದು ಗಣಕದಲ್ಲಿ ಹುಟ್ಟಿದರೂ, ಏಣಿಯ ಮೇಲೆ ಗಾಜು ಹಿಡಿದು ನಿಂತವನೇ ಮೊದಲು ಬೈಸಿಕೊಳ್ಳುವುದು! ಆದುದರಿಂದ ಗಾಜಿಗೆ ಹೇಳಿಕಳುಹಿಸುವ ಮೊದಲು, ಕಾಂಕ್ರೀಟು ಮುಗಿದ ಅಂಚಿನಿಂದ ಅಂಚಿಗೆ ಟೇಪು ಹಿಡಿದು, ಬಂದ ಅಳತೆಯನ್ನು ಗೋಡೆಯ ಉದ್ದಕ್ಕೆ ಕೊಡಬೇಕು. ನಿಯಮಕ್ಕೆ ಬದ್ಧವಾದ ಗೆರೆಗಳು ತಾವೇ ಹೊಂದಿಕೊಳ್ಳುತ್ತವೆ. ಕೈಯಿಂದ ಇಟ್ಟವನ್ನು ಮತ್ತೆ ಲೆಕ್ಕ ಹಾಕಿ ಒಂದೊಂದಾಗಿ ಸರಿಸಬೇಕಾಗುತ್ತದೆ.