ಒಳಚರಂಡಿ ಬರಲಿ, ಬಾವಿಯೂ ಉಳಿಯಲಿ

ನಮ್ಮ ಗಲ್ಲಿಗೆ ಒಳಚರಂಡಿ ಪೈಪು ಬರುತ್ತದೆ ಅಂದ ಕೂಡಲೇ ಮನೆಮನೆಯಲ್ಲಿ ಏಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಮೊನ್ನೆಯಷ್ಟೇ ಹಾಕಿಸಿದ ಅಂಗಳದ ಇಂಟರ್‌ಲಾಕ್ ಕೀಳುತ್ತಾರಾ? ರಸ್ತೆ ಅಗೆದು ಎಷ್ಟು ತಿಂಗಳು ಹಾಗೇ ಬಿಡುತ್ತಾರೆ? ಆ ಹೊತ್ತಿಗೆ ಮರಣ ಆದರೆ ಮಯ್ಯಿತ್ ಕೊಂಡೊಯ್ಯುವುದು ಯಾವ ದಾರಿಯಲ್ಲಿ? ಸಂಪರ್ಕಕ್ಕೆ ದುಡ್ಡೆಷ್ಟು? ಎಲ್ಲದಕ್ಕಿಂತ ದೊಡ್ಡ ಪ್ರಶ್ನೆ: ನಮ್ಮ ಬಾವಿಯ ಗತಿ ಏನು?

ಈ ಆತಂಕ ಸುಮ್ಮನೆ ಹುಟ್ಟಿದ್ದಲ್ಲ. ಮಂಗಳೂರಿನ ತಗ್ಗು ಪ್ರದೇಶಗಳಲ್ಲಿ ಡ್ರೈನೇಜ್ ಸೋರಿ ಬಾವಿ ನೀರು ಹಾಳಾದ ದೂರುಗಳನ್ನು ನಾವು ಎಷ್ಟೋ ಸಲ ಓದಿದ್ದೇವೆ. ಮಳೆಗಾಲದಲ್ಲಿ ಮ್ಯಾನ್‌ಹೋಲ್ ಉಕ್ಕಿ ರಸ್ತೆ ತುಂಬುವುದನ್ನು ಕಣ್ಣಾರೆ ಕಂಡಿದ್ದೇವೆ. ಕುಡಿಯಲು, ಅಡುಗೆಗೆ, ವುಳೂ ಮಾಡಲು ಒಂದೇ ಬಾವಿಯನ್ನು ನಂಬಿದ ಮನೆಗೆ ಇದು ಸಣ್ಣ ವಿಷಯ ಅಲ್ಲ.

ಆದರೆ ಈಗಿನ ವ್ಯವಸ್ಥೆ ಚೆನ್ನಾಗಿದೆಯಾ? ಅದನ್ನೂ ಕೇಳಿಕೊಳ್ಳಬೇಕು. ನಾವು ಸೆಪ್ಟಿಕ್ ಟ್ಯಾಂಕ್ ಅನ್ನುವುದು ಅನೇಕ ಮನೆಗಳಲ್ಲಿ ಬರೀ ರಿಂಗ್ ಇಳಿಸಿದ ಗುಂಡಿ. ತಳ ತೆರೆದೇ ಇರುತ್ತದೆ. ಬಾವಿಯಿಂದ ಇಂಗುಗುಂಡಿ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ದೂರ ಇರಬೇಕು ಎನ್ನುತ್ತದೆ ಭಾರತೀಯ ಮಾನಕ. ಐದು ಸೆಂಟ್ಸ್ ಜಾಗ ಅಂದರೆ 2,178 ಚದರ ಅಡಿ. ಚೌಕವಾಗಿದ್ದರೂ ಒಂದು ಬದಿ 47 ಅಡಿ ಬರುವುದಿಲ್ಲ. ನಮ್ಮ ಗುಂಡಿ ದೂರ ಇದ್ದರೆ ಪಕ್ಕದ ಮನೆಯದ್ದು ಹತ್ತಿರ. ಮುರಕಲ್ಲಿನ ನೆಲ ನೀರನ್ನು ಸಲೀಸಾಗಿ ಬಿಟ್ಟುಕೊಡುತ್ತದೆ. ಮೇಲಿಂದ ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆ. ತಂದೆ ಮಕ್ಕಳಿಗೆ ಪಾಲು ಮಾಡಿ ಕೊಟ್ಟ ಒಂದೇ ಹಿತ್ತಿಲಲ್ಲಿ ಇವತ್ತು ಮೂರು ಮನೆ, ಮೂರು ಗುಂಡಿ, ನಡುವೆ ಒಂದು ಬಾವಿ.

ಹಾಗಾಗಿ ಪೈಪು ಬೇಡ ಅನ್ನುವುದು ಪರಿಹಾರ ಅಲ್ಲ. ಸರಿಯಾಗಿ ಹಾಕಿ ಎಂದು ಕೇಳುವುದು ನಮ್ಮ ಕೆಲಸ. ಕೇಳಬೇಕಾದ್ದು ಜೆಸಿಬಿ ಬರುವ ಮೊದಲು, ಕಾಂಕ್ರೀಟ್ ಬಿದ್ದ ಮೇಲೆ ಅಲ್ಲ.

ಒಂದು, ಮಟ್ಟ. ಒಳಚರಂಡಿ ನೀರು ಇಳಿಜಾರಿನಲ್ಲೇ ಹರಿಯಬೇಕು. ರಸ್ತೆಗಿಂತ ತಗ್ಗಿನಲ್ಲಿರುವ ಮನೆಗೆ ಸಂಪರ್ಕ ಹೇಗೆ? ಲೈನ್ ಕಟ್ಟಿಕೊಂಡರೆ ಹೊಲಸು ನೀರು ಬಚ್ಚಲಿಗೇ ವಾಪಸ್ ಬರಬಹುದು. ನಮ್ಮದು ಗುಡ್ಡೆ, ತಗ್ಗಿನ ಊರು. ತಗ್ಗಿನ ನೀರನ್ನು ವೆಟ್‌ವೆಲ್‌ನಿಂದ ಪಂಪ್ ಮಾಡಿಯೇ ಮೇಲೆತ್ತಬೇಕು. ಕರೆಂಟ್ ಹೋದರೆ ಜನರೇಟರ್ ಇದೆಯಾ?

ಎರಡು, ಕೊನೆ ಎಲ್ಲಿ? ಮಂಗಳೂರಿನಲ್ಲಿ ಕಾವೂರು, ಬಜಾಲ್, ಸುರತ್ಕಲ್ ಕಡೆಗಳಲ್ಲಿ ಶುದ್ಧೀಕರಣ ಘಟಕಗಳಿವೆ. ನಮ್ಮ ಗಲ್ಲಿಯ ಪೈಪು ಘಟಕದ ತನಕ ಪೂರ್ತಿ ಜೋಡಣೆ ಆಗಿದೆಯಾ? ನಡುವೆ ಲೈನ್ ಬಿಟ್ಟುಹೋಗಿದ್ದರೆ ಹೊಲಸು ಸೇರುವುದು ಯಾರದೋ ತೋಡಿಗೆ.

ಮೂರು, ಸೋರಿಕೆ ಪರೀಕ್ಷೆ. ಮಣ್ಣು ಮುಚ್ಚುವ ಮೊದಲು ಪೈಪಿಗೆ ನೀರು ತುಂಬಿಸಿ ಜಾಯಿಂಟ್ ನೋಡುವ ಕ್ರಮ ಇದೆ. ಅದು ನಮ್ಮ ಎದುರೇ ಆಗಲಿ.

ನಮ್ಮ ಕಡೆಯಿಂದಲೂ ಮಾಡಬೇಕಾದ್ದಿದೆ. ಕಾಮಗಾರಿಗೆ ಮೊದಲೇ ಬಾವಿ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಳ್ಳಿ. ಕುಡಿಯುವ ನೀರಿನ 100 ಮಿ.ಲೀ.ನಲ್ಲಿ ಒಂದೇ ಒಂದು ಇ-ಕೊಲೈ ಕೂಡ ಇರಬಾರದು. ಪೈಪು ಬಂದ ಮೇಲೆ, ಮೊದಲ ಮಳೆ ಕಳೆದು ಮತ್ತೊಮ್ಮೆ ಪರೀಕ್ಷಿಸಿ. ಎರಡು ವರದಿ ಕೈಯಲ್ಲಿದ್ದರೆ ಕಚೇರಿಯಲ್ಲಿ ನಮ್ಮ ಮಾತಿಗೆ ತೂಕ. ತಾರಸಿಯ ಮಳೆನೀರನ್ನು ಮಾತ್ರ ಡ್ರೈನೇಜಿಗೆ ಕೊಡಲೇಬೇಡಿ. ಜೂನ್‌ನಲ್ಲಿ ಮ್ಯಾನ್‌ಹೋಲ್ ಉಕ್ಕುವುದಕ್ಕೆ ಇದೂ ದೊಡ್ಡ ಕಾರಣ.

ಹಳೆ ಗುಂಡಿಯನ್ನು ಹಾಗೇ ಚಪ್ಪಡಿ ಮುಚ್ಚಿ ಬಿಡಬೇಡಿ. ಸಕ್ಕಿಂಗ್ ಗಾಡಿ ತರಿಸಿ ಖಾಲಿ ಮಾಡಿಸಿ, ಮಣ್ಣು ತುಂಬಿಸಿ. ದುಡ್ಡು ಉಳಿಯುತ್ತದೆ ಅಂತ ಯಾರನ್ನೂ ಒಳಗೆ ಇಳಿಸಬಾರದು. ಗುಂಡಿಯ ವಿಷಗಾಳಿ ಕ್ಷಣದಲ್ಲಿ ಜೀವ ತೆಗೆಯುತ್ತದೆ. 2013ರ ಕಾಯ್ದೆ ಇದನ್ನು ನಿಷೇಧಿಸಿದೆ. ಚರಂಡಿ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಳಿಯುವವನೂ ಒಂದು ತಾಯಿಯ ಮಗನೇ ಅಲ್ಲವಾ?

ಕೊನೆಯದಾಗಿ ಒಂದು ಮಾತು. ವಾರ್ಡ್ ಸಭೆ, ಜಮಾಅತ್ ಕಮಿಟಿಯ ಚರ್ಚೆ ಎಲ್ಲ ಗಂಡಸರ ನಡುವೆಯೇ ಮುಗಿಯುತ್ತದೆ. ಆದರೆ ಅರ್ಧ ಮನೆಗಳ ಗಂಡಸರು ಗಲ್ಫಿನಲ್ಲಿ. ಬಾವಿಯ ನೀರಿನ ಬಣ್ಣ, ವಾಸನೆ ಯಾವ ದಿನ ಬದಲಾಯಿತು, ಬಚ್ಚಲಲ್ಲಿ ನೀರು ಎಲ್ಲಿ ಕಟ್ಟುತ್ತದೆ ಎಂದು ಗೊತ್ತಿರುವುದು ಮನೆಯ ಉಮ್ಮಂದಿರಿಗೆ. ಇಂಜಿನಿಯರ್ ನಕ್ಷೆ ಹಿಡಿದು ಬಂದ ದಿನ ಅವರನ್ನೂ ಕರೆಯಿರಿ, ಅವರು ಹೇಳಿದ್ದನ್ನು ಬರೆದುಕೊಳ್ಳಲು ಹೇಳಿ.