ಕಿವಿ ಟೆಸ್ಟ್ ನಾರ್ಮಲ್, ಆದರೂ ಮಗು ಮತ್ತೆ ಮತ್ತೆ ‘ಏನು?’ ಎನ್ನುತ್ತಿದೆಯೇ? ಇದು ಹಠವಲ್ಲದಿರಬಹುದು

ಮನೆಯಲ್ಲಿ ಚೆನ್ನಾಗಿ ಕೇಳಿಸಿಕೊಳ್ಳುವ ಮಗುವಿಗೆ ತರಗತಿಯ ಗದ್ದಲದಲ್ಲಿ ಟೀಚರ್ ಹೇಳಿದ್ದು ತಿಳಿಯುವುದಿಲ್ಲ. ‘ಗಮನವಿಲ್ಲ’ ಎಂದು ಬೈಯುವ ಮುನ್ನ ನಾವು ಒಂದು ವಿಷಯ ತಿಳಿಯೋಣ. ಕಿವಿ ಶಬ್ದವನ್ನು ಹಿಡಿಯುತ್ತದೆ. ಅದನ್ನು ಮಾತಾಗಿ ಬಿಡಿಸಿಕೊಳ್ಳುವುದು ಮಿದುಳು. ಈ ಎರಡನೇ ಕೆಲಸದಲ್ಲಿ ತೊಡಕಿದ್ದರೆ ಅದೇ ಆಡಿಟರಿ ಪ್ರೊಸೆಸಿಂಗ್ ಡಿಸಾರ್ಡರ್ ಅಥವಾ ಎಪಿಡಿ.

ಇದು ವಂಶದಿಂದ ಬರುತ್ತದೆಯೇ?

ವಂಶವಾಹಿಗಳ ಪಾತ್ರ ಇರಬಹುದು. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 194 ಅವಳಿ ಜೋಡಿಗಳಿಗೆ ಎರಡೂ ಕಿವಿಗೆ ಒಟ್ಟಿಗೇ ಬೇರೆ ಬೇರೆ ಪದ ಕೇಳಿಸಿ, ಗುರುತಿಸಲು ಹೇಳಲಾಯಿತು. ಈ ಸಾಮರ್ಥ್ಯದಲ್ಲಿ ಜನರ ನಡುವೆ ಕಂಡ ವ್ಯತ್ಯಾಸದಲ್ಲಿ ಶೇ 73ರವರೆಗೆ ವಂಶವಾಹಿಗಳದ್ದು. ಹಾಗೆಂದು ‘ಶೇ 73 ಮಕ್ಕಳಿಗೆ ತಂದೆತಾಯಿಯಿಂದಲೇ ಎಪಿಡಿ’ ಎಂದು ಫಾರ್ವರ್ಡ್ ಮಾಡಬೇಡಿ. ಅಲ್ಲಿ ಅಳೆದದ್ದು ಸಾಮರ್ಥ್ಯವನ್ನು, ತೊಂದರೆಯನ್ನಲ್ಲ.

ಎಳವೆಯ ಕಿವಿ ಸೋಂಕು ಕಾರಣವೇ?

ಕಿವಿತಮಟೆಯ ಹಿಂದೆ ದ್ರವ ನಿಂತರೆ ನೋವಿಲ್ಲದೆಯೂ ಶಬ್ದ ಮಂದವಾಗುತ್ತದೆ. ಇದು ಬಹುಕಾಲ ಉಳಿದ ಕೆಲವು ಮಕ್ಕಳಿಗೆ, ದ್ರವ ಹೋದ ಮೇಲೂ ಗದ್ದಲದ ನಡುವೆ ಮಾತು ಹೆಕ್ಕುವುದು ಕಷ್ಟವಾಗುತ್ತದೆ. ಹಲವರಲ್ಲಿ ಕ್ರಮೇಣ ಸರಿಹೋಗುತ್ತದೆ. ಒಮ್ಮೆ ಕಿವಿ ಸೋರಿದ ಮಾತ್ರಕ್ಕೆ ಹೆದರಬೇಕಿಲ್ಲ.

ಏನು ಮಾಡಬೇಕು?

ಮೊದಲು ಇಎನ್‌ಟಿ ವೈದ್ಯರಿಗೆ ತೋರಿಸಿ. ಕಿವಿಗೆ ಬಿಸಿ ಎಣ್ಣೆ ಬಿಡಬೇಡಿ. ಎಪಿಡಿ ಪರೀಕ್ಷೆಯನ್ನು ಆಡಿಯಾಲಜಿಸ್ಟ್‌ಗಳು ಸಾಮಾನ್ಯವಾಗಿ 7 ವರ್ಷದ ನಂತರ ಮಾಡುತ್ತಾರೆ. ನಮ್ಮ ಮೈಸೂರಿನಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಅಲ್ಲಿಯವರೆಗೆ ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಲು ಟೀಚರ್‌ಗೆ ಹೇಳಿ. ಮನೆಯಲ್ಲಿ ಟಿವಿ ಆರಿಸಿ, ಎದುರು ಕುಳಿತು, ಚಿಕ್ಕ ವಾಕ್ಯಗಳಲ್ಲಿ ಮಾತನಾಡಿ.

ಬೈಗುಳದಿಂದ ಎಪಿಡಿ ಹೋಗುವುದಿಲ್ಲ. ಮಗುವಿನ ಧೈರ್ಯ ಮಾತ್ರ ಹೋಗುತ್ತದೆ.