ಒಂಟಿಯಾಗಿ ಬಂದ ಗೋವಿನಜೋಳ

ತಡಸ ಕ್ರಾಸಿನಲ್ಲಿ ಹೆದ್ದಾರಿ ಬಿಟ್ಟು ಮುಂಡಗೋಡದ ರಸ್ತೆ ಹಿಡಿಯಿರಿ. ಬೆನ್ನಿಗೆ ಬಯಲುಸೀಮೆ, ಎದುರಿಗೆ ಮಲೆನಾಡಿನ ಸೆರಗು. ಈ ನಡುವಿನ ನೆಲದಲ್ಲಿ ಭತ್ತವನ್ನು ನಾಟಿ ಮಾಡದೆ ಕೂರಿಗೆಯಲ್ಲಿ ಬಿತ್ತುವ ರೂಢಿ ಹಳೆಯದು.

ಕೂರಿಗೆಯ ಬಟ್ಟಲಿಗೆ ಕಾಳು ಬಿಡುವ ಕೈಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮುಷ್ಟಿ ತುಂಬಿದ್ದರೂ ಹೆಬ್ಬೆರಳು ಸರಿಸಿದಷ್ಟೇ ಕಾಳು ಜಾರುತ್ತವೆ. ಎತ್ತಿನ ನಡಿಗೆ ಚುರುಕಾದರೆ ಬೆರಳೂ ಚುರುಕು. ಮುಂಗಾರಿನ ಹದಕ್ಕೆ ಮೊಳೆತ ಪೈರಿಗೆ ಎಡೆ ಹೊಡೆಯುತ್ತಾರೆ. ಮಳೆ ಹಿಡಿದು ಗದ್ದೆಯಲ್ಲಿ ನೀರು ನಿಂತ ಮೇಲೆ ಅದೇ ಪೈರು ಕೆಸರಿನ ಬೆಳೆಯಾಗುತ್ತದೆ. ಅರ್ಧ ಆಯುಷ್ಯ ಜೋಳದಂತೆ, ಅರ್ಧ ಭತ್ತದಂತೆ.

ಇದೇ ಭತ್ತದ ಬೀಜವನ್ನು ಕ್ಯಾಲಿಫೋರ್ನಿಯಾದಲ್ಲಿ ನೀರು ನಿಂತ ಗದ್ದೆಗೆ ವಿಮಾನದಿಂದ ಉದುರಿಸುತ್ತಾರೆ. ಜಪಾನಿನಲ್ಲಿ ಯಂತ್ರ ಸಸಿ ನೆಡುತ್ತದೆ. ಬಾಲಿಯ ರೈತರು ಸುಬಕ್ ಎಂಬ ಕೂಟ ಕಟ್ಟಿಕೊಂಡು, ಗುಡಿಯನ್ನು ಸಾಕ್ಷಿಯಾಗಿಟ್ಟು ನೀರಿನ ಸರದಿ ಹಂಚಿಕೊಳ್ಳುತ್ತಾರೆ. ಆಳು, ನೀರು, ನೆಲ ಇವುಗಳಲ್ಲಿ ಯಾವುದಕ್ಕೆ ಕೊರತೆಯೋ ಬೇಸಾಯ ಅದಕ್ಕೆ ತಕ್ಕಂತೆ ಮೈಬದಲಿಸುತ್ತದೆ.

ತಡಸ ಸೇರಿದ ಇದೇ ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ರಾಗಿಗೂ ಭತ್ತಕ್ಕೂ ವಾದ ಹೂಡಿಸಿದರು. ಈಗ ಅವರ ಸೀಮೆಯಲ್ಲಿ ಮುಂಗಾರಿನ ಹೊತ್ತಿಗೆ ಬಸ್ಸಿನ ಕಿಟಕಿಯಿಂದ ನೋಡಿದರೆ ಎರಡನ್ನೂ ಬದಿಗೆ ಸರಿಸಿ ನಿಂತಿರುವುದು ಗೋವಿನಜೋಳ. ರೈತರನ್ನು ದೂರಲು ನನಗೆ ಮನಸ್ಸಿಲ್ಲ. ಆಳು ಕಡಿಮೆ ಸಾಕು, ಕೋಳಿ ಆಹಾರಕ್ಕೆ ಬೇಡಿಕೆಯಿದೆ, ಕೈಗೆ ರೊಕ್ಕ ಬರುತ್ತದೆ.

ಆದರೆ ಈ ಬೆಳೆಯ ತವರು ಮೆಕ್ಸಿಕೊ. ಸುಮಾರು 9000 ವರ್ಷಗಳ ಹಿಂದೆ ಕಾಡುಹುಲ್ಲೊಂದನ್ನು ಪಳಗಿಸಿದ ಅಲ್ಲಿನ ಜನ ಅದನ್ನು ಒಂಟಿಯಾಗಿ ಬೆಳೆಯಲಿಲ್ಲ. ‘ಮಿಲ್ಪಾ’ ಹೊಲದಲ್ಲಿ ದಂಟಿಗೆ ಬೀನ್ಸ್ ಬಳ್ಳಿ ಹಬ್ಬುತ್ತದೆ, ಅದರ ಬೇರು ಮಣ್ಣಿಗೆ ಸಾರಜನಕ ಕೂಡಿಸುತ್ತದೆ. ಕುಂಬಳದ ಅಗಲ ಎಲೆ ನೆಲಕ್ಕೆ ನೆರಳಾಗಿ ಕಸ ಹುಟ್ಟಗೊಡುವುದಿಲ್ಲ, ತೇವ ಆರಗೊಡುವುದಿಲ್ಲ. ನಮ್ಮವರು ಜೋಳದೊಳಗೆ ತೊಗರಿ, ಅಲಸಂದಿ, ಪುಂಡಿ ಹಾಕುತ್ತಿದ್ದ ಅಕ್ಕಡಿ ಸಾಲು ಮಿಲ್ಪಾದ ಒಡಹುಟ್ಟಿನಂತಿದೆ!

ನಾವು ಹಿಡಿದದ್ದು ಮಾತ್ರ ಅಮೆರಿಕದ ಅಯೋವಾದ ದಾರಿ. ಅಲ್ಲಿ ನೂರಾರು ಎಕರೆಗೆ ಒಂದು ಕುಟುಂಬ, ದೈತ್ಯ ಯಂತ್ರ, ಒಂದು ವರ್ಷ ಗೋವಿನಜೋಳವಾದರೆ ಮರುವರ್ಷ ಸೋಯಾ. ಆ ಬೇಸಾಯವನ್ನು ಇಲ್ಲಿ ಎರಡೆಕರೆಯಲ್ಲಿ, ಸಾಲದ ಗೊಬ್ಬರದ ಮೇಲೆ ನಡೆಸುತ್ತಿದ್ದೇವೆ. ನನ್ನನ್ನು ಕಾಡುವುದು ಇದೇ. ತವರಿನ ಸಂಗಾತಿಗಳು ಗೋವಿನಜೋಳದ ಜೊತೆ ಬರಲಿಲ್ಲ. ಹಗೆ ಮಾತ್ರ ಬೆನ್ನತ್ತಿ ಬಂತು. ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದು 2018ರ ಮೇ ತಿಂಗಳಲ್ಲಿ, ಪಕ್ಕದ ಶಿವಮೊಗ್ಗದಲ್ಲಿ. ಸುಳಿ ಬಿಡಿಸಿದರೆ ಒದ್ದೆ ಮರದಪುಡಿಯಂಥ ಹಿಕ್ಕೆ, ಅದರಡಿ ಮುದುಡಿ ಮಲಗಿದ ಹುಳು.

ಇಷ್ಟಾದರೂ ಕೆಲವು ಹೊಲಗಳಲ್ಲಿ ಬಿತ್ತನೆ ಮುಗಿದ ಮೇಲೆ ಹೆಣ್ಣುಮಕ್ಕಳು ಉಡಿಯಲ್ಲಿ ಅಲಸಂದಿ ಕಟ್ಟಿಕೊಂಡು ಬದುವಿನ ಗುಂಟ ನಡೆಯುತ್ತಾರೆ. ಹೆಜ್ಜೆಗೆರಡು ಕಾಳು, ಮೇಲೆ ಹಿಮ್ಮಡಿಯಿಂದ ಮಣ್ಣು. ಚೌತಿಯ ಹೊತ್ತಿಗೆ ಗೋವಿನಜೋಳ ಇನ್ನೂ ತೆನೆಯಲ್ಲಿರುವಾಗ ಆ ಬಳ್ಳಿಯ ಎಳೆಕಾಯಿ ರೊಟ್ಟಿಯ ಪಕ್ಕಕ್ಕೆ ಪಲ್ಯವಾಗಿ ಬಂದಿರುತ್ತದೆ.